ವಿದೇಶದಿಂದ ಮರಳಿದವರ ಪ್ಯಾನ್ ಸರಿಮಾಡುವ ಗಾಂಧಿ ಬಜಾರಿನ ಒಂದು ಆಡಿಟರ್ ಆಫೀಸು

ಗಾಂಧಿ ಬಜಾರ್ ಮುಖ್ಯರಸ್ತೆಯಿಂದ ಒಂದು ಅಡ್ಡರಸ್ತೆಗೆ ತಿರುಗಿದರೆ, ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಆಡಿಟರ್ ಆಫೀಸಿದೆ. ಎರಡು ರೂಮು, ನಾಲ್ಕು ಕುರ್ಚಿ, ಗೋಡೆ ತುಂಬ ಫೈಲು. ಅರವತ್ತು ದಾಟಿದ ಒಬ್ಬ ಆಡಿಟರ್, ಅವರ ಕೈಕೆಳಗೆ ಒಬ್ಬ ಹುಡುಗಿ. ಬಾಗಿಲಲ್ಲಿರುವ ಬೋರ್ಡು ಬಿಟ್ಟರೆ ಬೇರೆ ಪ್ರಚಾರವಿಲ್ಲ. ನಿಮ್ಮ ಹೆಸರು ಬರೆಯಲಾ ಅಂತ ಕೇಳಿದೆ. "ಬೇಡಮ್ಮ, ಇರೋ ಕೆಲಸಾನೇ ಮುಗೀತಿಲ್ಲ" ಅಂದರು. ಅದಕ್ಕೇ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ವರ್ಷಗಟ್ಟಲೆ ಇದ್ದು ಬೆಂಗಳೂರಿಗೆ ಮರಳಿದವರ ಮೇಲೆ ಪ್ಯಾನ್, ಆಧಾರ್, ಬ್ಯಾಂಕು, ರಿಟರ್ನ್ಸ್ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಸದ್ಯಕ್ಕೆ ಕೈ ಹಾಕಬಾರದು ಅಂತ ಹೇಳುವವರು ಸಿಗುವುದು ಕಷ್ಟ. ಇಲ್ಲಿ ಸಿಕ್ಕರು. ಅವರು ಕೆಲಸ ಮಾಡಿದ ರೀತಿ ಗೊತ್ತಾದರೆ ನಿಮ್ಮ ಏರಿಯಾದಲ್ಲೂ ಅಂಥವರನ್ನು ನೀವು ಗುರುತು ಹಿಡಿಯಬಹುದು.

ನಾನು ನರ್ಸ್. 2011ರಲ್ಲಿ ಇಂಗ್ಲೆಂಡಿಗೆ ಹೋದೆ, ರೆಡಿಂಗ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಅಮ್ಮನನ್ನು ನೋಡಿಕೊಳ್ಳಬೇಕು ಅಂತ 2025ರ ಜೂನ್ ಕೊನೆಗೆ ವಾಪಸ್ ಬಂದೆ. ಈಗ ವಿಜಯನಗರದಲ್ಲಿ ಅಮ್ಮನ ಜೊತೆ ಇದ್ದೇನೆ. ಪ್ಯಾನ್ ಕಾರ್ಡ್ 2008ರಲ್ಲೇ ಮಾಡಿಸಿದ್ದು, ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ. ಆಧಾರ್ ಇರಲಿಲ್ಲ. ದೇಶದಲ್ಲಿ ಮೊದಲ ಆಧಾರ್ ನಂಬರ್ ಕೊಟ್ಟಿದ್ದೇ 2010ರ ಸೆಪ್ಟೆಂಬರ್‌ನಲ್ಲಿ. ಅದು ನಮ್ಮ ಬೀದಿ ತಲುಪುವ ಹೊತ್ತಿಗೆ ನಾನು ಇಲ್ಲಿರಲಿಲ್ಲ.

ಆಗಸ್ಟ್‌ನಲ್ಲಿ ಇಲ್ಲಿನ ಒಂದು ಆಸ್ಪತ್ರೆಗೆ ಸೇರಿದೆ. ಮೊದಲ ವಾರವೇ ಎಚ್‌ಆರ್‌ನಿಂದ ಫೋನು. "ಮೇಡಂ, ನಿಮ್ಮ ಪ್ಯಾನ್ ಇನ್‌ಆಪರೇಟಿವ್ ಅಂತ ತೋರಿಸ್ತಿದೆ. ಸರಿ ಆಗೋ ತನಕ 20% ಟಿಡಿಎಸ್ ಕಟ್ ಮಾಡಬೇಕಾಗುತ್ತೆ." ಟಿಡಿಎಸ್ ಅಂದರೆ ಸಂಬಳ ಕೊಡುವಾಗಲೇ ಹಿಡಿಯುವ ತೆರಿಗೆ. ನನ್ನ ಸಂಬಳಕ್ಕೆ ಅಷ್ಟು ತೆರಿಗೆ ಬರುವುದೇ ಇಲ್ಲ. ಆದರೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಪ್ಯಾನ್ ಇಲ್ಲದವರಿಗೆ ಹಿಡಿಯುವ ಹಾಗೆಯೇ ಹಿಡಿಯಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 206ಎಎ ಹೇಳುವುದು ಅದನ್ನೇ. ಎಫ್‌ಡಿ ಬಡ್ಡಿಗೆ 10% ಹಿಡಿಯುವ ಬ್ಯಾಂಕು ಕೂಡ 20% ಹಿಡಿಯುತ್ತದೆ. ರೀಫಂಡ್ ಬರಬೇಕಿದ್ದರೆ ಅದನ್ನೂ ತಡೆಹಿಡಿಯುತ್ತಾರೆ, ಆ ಅವಧಿಗೆ ಬಡ್ಡಿಯೂ ಇಲ್ಲ.

ಹೀಗೇಕಾಯಿತು ಅಂದರೆ, 2017ರ ಜುಲೈ 1ಕ್ಕೆ ಮುಂಚೆ ಪ್ಯಾನ್ ಪಡೆದವರೆಲ್ಲ ಅದನ್ನು ಆಧಾರ್ ಜೊತೆ ಜೋಡಿಸಬೇಕಿತ್ತು. ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ 2023ರ ಜೂನ್ 30ಕ್ಕೆ ಬಂದು ನಿಂತಿತು. ಎನ್‌ಆರ್‌ಐಗಳಿಗೆ ಇದರಿಂದ ವಿನಾಯಿತಿ ಇದೆ. 2017ರ ಮೇ ತಿಂಗಳ ಅಧಿಸೂಚನೆಯಲ್ಲೇ ಹಾಗೆ ಹೇಳಿದ್ದಾರೆ. ಆದರೆ ನೀವು ಎನ್‌ಆರ್‌ಐ ಅನ್ನೋದು ಇಲಾಖೆಯ ಕಂಪ್ಯೂಟರಿಗೆ ಗೊತ್ತಿರಬೇಕಲ್ಲ? ಹಿಂದಿನ ಮೂರು ಅಸೆಸ್‌ಮೆಂಟ್ ವರ್ಷಗಳಲ್ಲಿ (ಹಿಂದಿನ ಹಣಕಾಸು ವರ್ಷದ ಲೆಕ್ಕ ಒಪ್ಪಿಸುವ ವರ್ಷ) ಎನ್‌ಆರ್‌ಐ ಆಗಿ ರಿಟರ್ನ್ಸ್ ಹಾಕಿದ್ದರೆ ಅಥವಾ ನಿಮ್ಮ ವಾರ್ಡಿನ ಆದಾಯ ತೆರಿಗೆ ಅಧಿಕಾರಿಗೆ ತಿಳಿಸಿದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ನನಗೆ ಇಲ್ಲಿ ತೆರಿಗೆ ಬರುವಷ್ಟು ಆದಾಯವೇ ಇರಲಿಲ್ಲ, ರಿಟರ್ನ್ಸ್ ಹಾಕುವ ಪ್ರಮೇಯವೂ ಬರಲಿಲ್ಲ. ಹಾಗಾಗಿ ಇಲಾಖೆಯ ಲೆಕ್ಕದಲ್ಲಿ ನಾನು ಬೆಂಗಳೂರಿನಲ್ಲೇ ಇದ್ದು ಆಧಾರ್ ಜೋಡಿಸದೆ ಬಿಟ್ಟವಳು. ನನ್ನಂಥವರು ಬಹಳ ಜನ ಇದ್ದಾರೆ. ದುಬೈ, ಮಸ್ಕತ್‌ನಲ್ಲಿ ದುಡಿದು ಬಂದವರಿಗೂ ಇದೇ ಕಥೆ.

ಗಾಂಧಿ ಬಜಾರಿಗೆ ಹೋಗುವ ಮೊದಲು ಬೇರೆ ಒಂದು ಕಡೆ ಹೋಗಿದ್ದೆ. ಪ್ಯಾನ್, ಪಾಸ್‌ಪೋರ್ಟ್, ಡಿಎಲ್ ಎಲ್ಲ ಮಾಡಿಸಿಕೊಡುವ ಏಜೆಂಟ್ ಅಂಗಡಿ. ಆತ ನನ್ನ ಕಾರ್ಡನ್ನು ತಿರುಗಿಸಿ ನೋಡಿ, "ಇದು ಸತ್ತೋಗಿದೆ ಮೇಡಂ. ಹೊಸದೇ ಮಾಡಿಸಿಬಿಡೋಣ. ಮೂರು ಸಾವಿರ ಕೊಡಿ, ಒಟಿಪಿ ಬಂದಾಗ ಫೋನಲ್ಲಿ ಹೇಳಿ ಸಾಕು" ಅಂದ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಮಾತು ನಿಮಗೂ ಕೇಳಿಬರಬಹುದು. ಇನ್‌ಆಪರೇಟಿವ್ ಆದ ಪ್ಯಾನ್ ರದ್ದಾದ ಪ್ಯಾನ್ ಅಲ್ಲ. ಅದು ನಿಮ್ಮದೇ ನಂಬರು, ಜೀವನಪೂರ್ತಿ ನಿಮ್ಮದೇ. ಒಂದಿದ್ದಾಗ ಇನ್ನೊಂದು ಮಾಡಿಸುವುದು ಕಾನೂನಿಗೆ ವಿರುದ್ಧ, ಅದೇ ಕಾಯ್ದೆಯ ಕಲಂ 272ಬಿ ಪ್ರಕಾರ ₹10,000 ದಂಡ. ಮೇಲಿಂದ ಹಳೇ ಬ್ಯಾಂಕ್ ಖಾತೆ, ಹಳೇ ಪಿಎಫ್, ಹಳೇ ಎಫ್‌ಡಿ ಎಲ್ಲ ಒಂದು ನಂಬರಿನಲ್ಲಿ, ಹೊಸ ಸಂಬಳ ಇನ್ನೊಂದರಲ್ಲಿ. ಆ ಗಂಟನ್ನು ಬಿಡಿಸಲು ಎಷ್ಟು ಕಾಲ ಬೇಕೋ. ಇನ್ನು ಒಟಿಪಿಯನ್ನು ಫೋನಲ್ಲಿ ಹೇಳುವ ಮಾತಂತೂ ಬೇಡವೇ ಬೇಡ. ನಾನು ಕಾರ್ಡು ಎತ್ತಿಕೊಂಡು ಹೊರಗೆ ಬಂದೆ.

ಗಾಂಧಿ ಬಜಾರಿನ ಆಡಿಟರ್ ಮಾತ್ರ ಪ್ಯಾನ್ ಕಾರ್ಡನ್ನು ಮುಟ್ಟಲೇ ಇಲ್ಲ. "ಮೊದಲು ನಿಮ್ಮ ಹೆಸರಿರೋ ಕಾಗದ ಎಲ್ಲಾ ಇಲ್ಲಿಡಿ" ಅಂದರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಹಳೇ ಬ್ಯಾಂಕ್ ಪಾಸ್‌ಬುಕ್ಕು, ಇಂಗ್ಲೆಂಡಿನ ಪೇಸ್ಲಿಪ್ಪು. ಮೇಜಿನ ಮೇಲೆ ಸಾಲಾಗಿ ಇಡಿಸಿದರು. ರೋಗಿ ಬಂದ ಕೂಡಲೇ ಮಾತ್ರೆ ಬರೆಯದೆ ಮೊದಲು ಹಳೇ ರಿಪೋರ್ಟುಗಳನ್ನೆಲ್ಲ ಓದುವ ಒಳ್ಳೇ ಡಾಕ್ಟರ್ ಹತ್ತಿರ ಕೂತ ಹಾಗಾಯಿತು.

ನಮ್ಮ ಕಡೆಯವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು: ಇನಿಶಿಯಲ್. ನಮ್ಮೂರು ಹಾಸನ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎಚ್. ಎನ್. ಅಂತಿದೆ. ಎಚ್ ಅಂದರೆ ಊರು, ಎನ್ ಅಂದರೆ ಅಪ್ಪನ ಹೆಸರು. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಹಾಗಾಗಿ ಅಲ್ಲಿ ಅಪ್ಪನ ಹೆಸರು ನನ್ನ ಸರ್‌ನೇಮ್ ಆಯಿತು. ಪಾಸ್‌ಪೋರ್ಟಿನಲ್ಲಿ ಊರೂ ಅಪ್ಪನ ಹೆಸರೂ ಸೇರಿ ಸರ್‌ನೇಮ್ ಆದವು. ಇಂಗ್ಲೆಂಡಿನಲ್ಲಿ ವಾರ್ಡಿನವರೆಲ್ಲ ನನ್ನನ್ನು ಹಾಸನ್ ಅಂತಲೇ ಕರೆಯುತ್ತಿದ್ದರು. ಹಳೇ ಬ್ಯಾಂಕಿನವರು ಎರಡೂ ಬಿಟ್ಟು ಬರೀ ನನ್ನ ಹೆಸರು ಬರೆದುಕೊಂಡಿದ್ದರು. ನಾಲ್ಕು ಕಾಗದ, ನಾಲ್ಕು ಬಗೆ. ಒಂದೂ ಸುಳ್ಳಲ್ಲ. ಆದರೆ ಆಧಾರ್ ಮತ್ತು ಪ್ಯಾನ್ ಜೋಡಿಸುವಾಗ ಹೆಸರು, ಹುಟ್ಟಿದ ದಿನ, ಲಿಂಗ ಮೂರೂ ತಾಳೆಯಾಗಬೇಕು. ಒಂದೆರಡು ಅಕ್ಷರ ಆಚೀಚೆ ಇದ್ದರೆ ಆಧಾರ್ ಒಟಿಪಿಯಿಂದ ಆಗಿಬಿಡಬಹುದು. ಸರ್‌ನೇಮೇ ಬೇರೆ ಆದರೆ ಕಷ್ಟ.

ಆಡಿಟರ್ ಕೇಳಿದ ಪ್ರಶ್ನೆ ಇಷ್ಟೇ: "ಇನ್ನು ಮುಂದೆ ಯಾವ ಹೆಸರು ನಿಮ್ಮದು?" ನಾನು ಯೋಚಿಸಲು ಸಮಯ ಕೇಳಿದೆ, ಕೊಟ್ಟರು. ಕೊನೆಗೆ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಲಿ ಅಂತ ತೀರ್ಮಾನವಾಯಿತು. ಇಂಗ್ಲೆಂಡಿನ ಪೆನ್ಷನ್ ದಾಖಲೆ, ಅಲ್ಲಿನ ಬ್ಯಾಂಕು, ಇಲ್ಲಿನ ಹೊಸ ಆಸ್ಪತ್ರೆ ಎಲ್ಲವೂ ಅದರ ಮೇಲೇ ನಿಂತಿವೆ. ಆಮೇಲೆ ಅವರು ಒಂದು ಹಾಳೆಯಲ್ಲಿ ಸಾಲು ಬರೆದರು. ಮೊದಲು ಪಾಸ್‌ಪೋರ್ಟಿನ ಹೆಸರಿಗೆ ಆಧಾರ್. ಆಮೇಲೆ ಅದೇ ಹೆಸರಿಗೆ ಪ್ಯಾನ್ ತಿದ್ದುಪಡಿ. ಅದಾದ ಮೇಲೆ ಎರಡನ್ನೂ ಜೋಡಿಸುವುದು. ಬ್ಯಾಂಕು ಕೊನೆಗೆ. "ಹಿಂದುಮುಂದು ಮಾಡಿದರೆ ಎರಡೆರಡು ಸಲ ದುಡ್ಡು, ಎರಡೆರಡು ಸಲ ಓಡಾಟ" ಅಂದರು. ಈ ಒಂದು ಹಾಳೆಗೇ ನಾನು ಅವರಿಗೆ ಕೊಟ್ಟ ಫೀಸು ಸಾರ್ಥಕ. ಒಂದೊಂದನ್ನೂ ಮಾಡಿಸಿಕೊಡುವವರು ಊರು ತುಂಬ ಇದ್ದಾರೆ. ಕ್ರಮ ಹೇಳುವವರು ಕಡಿಮೆ.

ಮದುವೆಯಾದ ಹೆಣ್ಣುಮಕ್ಕಳು ಕೇಳುವ ಒಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಪ್ಯಾನ್‌ನಲ್ಲಿ ಮದುವೆಯಾದ ಮೇಲೂ ಗಂಡನ ಹೆಸರು ಬರುವುದಿಲ್ಲ, ಅಪ್ಪನ ಹೆಸರೇ ಇರುತ್ತದೆ. ಒಬ್ಬರೇ ಬೆಳೆಸಿದ ತಾಯಿಯಿದ್ದರೆ ತಾಯಿಯ ಹೆಸರು ಮಾತ್ರ ಹಾಕಿಸಲು 2018ರ ಡಿಸೆಂಬರ್‌ನಿಂದ ಅವಕಾಶ ಇದೆ.

ಆಧಾರ್ ವಿಷಯದಲ್ಲಿ ಒಂದು ಕೇಂದ್ರದಲ್ಲಿ ನನ್ನನ್ನು ವಾಪಸ್ ಕಳಿಸಿದರು. 182 ದಿನ ಇಲ್ಲಿದ್ದ ಮೇಲೆ ಬನ್ನಿ ಅಂದರು. ಆಡಿಟರ್ ಆಫೀಸಿನ ಹುಡುಗಿಗೆ ಫೋನ್ ಮಾಡಿದೆ. ಆ ನಿಯಮ ರೆಸಿಡೆಂಟ್ ಆಗಿ ಅರ್ಜಿ ಹಾಕುವವರಿಗೆ, ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಎನ್‌ಆರ್‌ಐ ಅಂತಲೇ ಅರ್ಜಿ ಹಾಕಿ ಅಂದಳು. 2019ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಘೋಷಿಸಿದ ಮೇಲೆ ಎನ್‌ಆರ್‌ಐಗಳು ಬಂದಿಳಿದ ಮೇಲೆ ಕಾಯಬೇಕಿಲ್ಲ. ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು ಅಷ್ಟೆ. ಇನ್ನೊಂದು ಕೇಂದ್ರಕ್ಕೆ ಹೋದೆ, ಅಲ್ಲಿ ತಕರಾರಿಲ್ಲದೆ ತೆಗೆದುಕೊಂಡರು. ಹೊಸ ನೋಂದಣಿಗೆ ಒಂದು ಪೈಸೆ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಅಲ್ಲಿ ಇನ್ನೊಂದು ಪೀಕಲಾಟ ಬಂತು. ವರ್ಷಗಟ್ಟಲೆ ದಿನಕ್ಕೆ ಎಷ್ಟೋ ಸಲ ಕೈ ತೊಳೆದು, ಸ್ಯಾನಿಟೈಸರ್ ಹಚ್ಚಿ ನನ್ನ ಬೆರಳಿನ ಗೆರೆಗಳು ಸವೆದುಹೋಗಿವೆ. ಯಂತ್ರ ಮತ್ತೆ ಮತ್ತೆ ಬೇಡ ಅನ್ನುತ್ತಿತ್ತು. ಕೇಂದ್ರದ ಹೆಣ್ಣುಮಗಳು ಬೇಸರ ಮಾಡಿಕೊಳ್ಳದೆ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಒತ್ತಿ ಹಿಡಿದು ತೆಗೆದಳು. ಕಣ್ಣಿನ ಸ್ಕ್ಯಾನ್ ಕೂಡ ಇರುವುದರಿಂದ ಹೆದರಬೇಡಿ ಆಂಟಿ ಅಂದಳು. ನರ್ಸ್‌ಗಳು, ಪಾತ್ರೆ ತೊಳೆಯುವವರು, ಗಾರೆ ಕೆಲಸದವರು ಇದನ್ನು ತಿಳಿದುಕೊಂಡೇ ಹೋಗಿ, ಸಮಯ ಇಟ್ಟುಕೊಳ್ಳಿ. ಇಲ್ಲಿನ ಮೊಬೈಲ್ ನಂಬರನ್ನೇ ಕೊಡಿ. ಮುಂದಿನ ಒಟಿಪಿಗಳೆಲ್ಲ ಅದಕ್ಕೇ ಬರುತ್ತವೆ.

ಪ್ಯಾನ್ ತಿದ್ದುಪಡಿ ಸುಲಭವಾಗಿ ಆಯಿತು. ಪ್ಯಾನ್ ಅರ್ಜಿ ತೆಗೆದುಕೊಳ್ಳುವ ಸಂಸ್ಥೆಗಳಾದ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಮೂಲಕ ಮಾಡಬೇಕು. ಮೊದಲು ಎನ್‌ಎಸ್‌ಡಿಎಲ್ ಇ-ಗವ್ ಅಂತಿದ್ದುದೇ ಈಗಿನ ಪ್ರೋಟಿಯನ್. ಭಾರತದ ವಿಳಾಸಕ್ಕೆ ಕಾರ್ಡು ಬರಲು ನಾನು ಕಟ್ಟಿದ್ದು ₹107. ಹೊರದೇಶದ ವಿಳಾಸಕ್ಕೆ ತರಿಸಿದರೆ ಸಾವಿರದ ಮೇಲೆ ಹೋಗುತ್ತಿತ್ತು. ಹಾಗಾಗಿ ಊರಿಗೆ ಬಂದ ಮೇಲೆ ಮಾಡಿಸಿದ್ದೇ ಒಳ್ಳೆಯದಾಯಿತು.

ಇಲ್ಲಿ ನನಗೊಂದು ಅನುಮಾನ ಬಂತು. ಪ್ಯಾನ್‌ನಲ್ಲಿ ಹತ್ತು ಅಕ್ಷರ, ಅಂಕಿ ಇರುತ್ತವಲ್ಲ, ಅದರ ನಾಲ್ಕನೇ ಅಕ್ಷರ ಪಿ ಇದ್ದರೆ ವ್ಯಕ್ತಿ ಅಂತ ಅರ್ಥ. ಐದನೆಯದು ಸರ್‌ನೇಮಿನ ಮೊದಲ ಅಕ್ಷರ. ನನ್ನದರಲ್ಲಿ ಎನ್ ಇದೆ. ಈಗ ಸರ್‌ನೇಮ್ ಎಚ್‌ನಿಂದ ಶುರುವಾಗುತ್ತದೆ, ಹಾಗಾದರೆ ನಂಬರ್ ಬದಲಾಗುತ್ತದಾ? ಆಡಿಟರ್ ಇಲ್ಲ ಅಂತ ತಲೆಯಾಡಿಸಿದರು. "ನಂಬರ್ ಕೊಟ್ಟ ದಿನದ ಹೆಸರು ಅದು. ಹೆಸರು ಎಷ್ಟು ಸಲ ಬದಲಾದರೂ ನಂಬರ್ ಬದಲಾಗಲ್ಲ." ಹೊಸ ಕಾರ್ಡು ಬಂದಾಗ ನೋಡಿದೆ, ಎನ್ ಹಾಗೇ ಇದೆ. ಅಪ್ಪ ಹೋಗಿ ಕೆಲವು ವರ್ಷಗಳಾದವು. ಅವರ ಅಕ್ಷರ ಅಲ್ಲಿ ಉಳಿದದ್ದು ನನಗೆ ಸಂತೋಷವೇ.

ಜೋಡಣೆಗೆ ₹1,000 ಶುಲ್ಕ ಇದೆ. ಇದು ತಡವಾಗಿದ್ದಕ್ಕೆ ಕಟ್ಟುವುದು. 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ₹500 ಇತ್ತು, ಆಮೇಲೆ ಸಾವಿರ ಮಾಡಿದರು. ಎನ್‌ಆರ್‌ಐ ಆಗಿದ್ದ ವರ್ಷಗಳಿಗೆ ನನಗೆ ವಿನಾಯಿತಿ ಇತ್ತಲ್ಲ, ಈ ಸಾವಿರ ಯಾಕೆ ಅಂತ ನಾನು ವಾದ ಮಾಡಿದೆ. ಅವರು ತಾಳ್ಮೆಯಿಂದ ಎರಡು ದಾರಿ ಇಟ್ಟರು. ಹೊರದೇಶದಲ್ಲೇ ಇರುವವರು ಪಾಸ್‌ಪೋರ್ಟ್ ಪ್ರತಿ ಜೊತೆ ವಾರ್ಡಿನ ಅಧಿಕಾರಿಗೆ ಬರೆದು ಸ್ಟೇಟಸ್ ಸರಿಮಾಡಿಸಬಹುದು, ಜೋಡಿಸದೆಯೇ ಪ್ಯಾನ್‌ಗೆ ಜೀವ ಬರುತ್ತದೆ. ವಾಪಸ್ ಬಂದು ಸಂಬಳ ತೆಗೆದುಕೊಳ್ಳುತ್ತಿರುವ ನನಗೆ ಹೇಗಿದ್ದರೂ ಜೋಡಣೆ ಬೇಕು. "ಸಾವಿರಕ್ಕೋಸ್ಕರ ಪತ್ರ ಬರೆದು ಕಾಯ್ತಾ ಕೂತರೆ ಅಷ್ಟರಲ್ಲಿ ತಿಂಗಳ ಸಂಬಳದಲ್ಲಿ ಅದಕ್ಕಿಂತ ಜಾಸ್ತಿ ಕಟ್ ಆಗುತ್ತೆ" ಅಂದರು. ನಿಜವೇ. ಆದರೂ ನನ್ನ ಅಸಮಾಧಾನ ಹೋಗಿಲ್ಲ. ಕಾನೂನು ಯಾರಿಗೆ ವಿನಾಯಿತಿ ಕೊಟ್ಟಿದೆಯೋ ಅವರು ವಾಪಸ್ ಬಂದಾಗ ತಡದ ಶುಲ್ಕ ಕಟ್ಟಬೇಕು ಅನ್ನೋದು ಸರಿಯಲ್ಲ. ಪಾಸ್‌ಪೋರ್ಟಿನ ಮೊಹರು ನೋಡಿ ಇವರಿಗೆ ಮನ್ನಾ ಮಾಡಬೇಕು.

ಕಟ್ಟುವ ಜಾಗ ಸ್ವಲ್ಪ ಗೊಂದಲ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಇ-ಪೇ ಟ್ಯಾಕ್ಸ್‌ಗೆ ಹೋಗಿ, 'ಅದರ್ ರಿಸೀಟ್ಸ್ 500' ಅನ್ನುವುದನ್ನು ಆರಿಸಿ, ಅದರೊಳಗೆ ಆಧಾರ್ ಜೋಡಣೆಯ ತಡದ ಶುಲ್ಕ ಅನ್ನುವುದನ್ನು ಹುಡುಕಬೇಕು. ಆ 500 ದುಡ್ಡಲ್ಲ, ಖಾತೆಯ ಸಂಖ್ಯೆ. ಬೇರೆ ಹೆಡ್‌ಗೆ ಕಟ್ಟಿದರೆ ಜೋಡಣೆಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಿ ಕೆಲವು ದಿನ ಬಿಟ್ಟು ಜೋಡಣೆಗೆ ಹೋಗಬೇಕು, ತಕ್ಷಣ ಹೋದರೆ ಪಾವತಿ ಕಾಣಿಸುವುದಿಲ್ಲ. ಜೋಡಿಸಿದ ಮೇಲೆ ಪ್ಯಾನ್ ಮತ್ತೆ ಚಾಲೂ ಆಗಲು 30 ದಿನದವರೆಗೆ ಆಗಬಹುದು. ನನಗೆ ಅಷ್ಟು ಬೇಕಾಗಲಿಲ್ಲ. ಆಸ್ಪತ್ರೆಯವರು ಮುಂದಿನ ತಿಂಗಳುಗಳ ಟಿಡಿಎಸ್‌ನಲ್ಲಿ ಜಾಸ್ತಿ ಹಿಡಿದಿದ್ದನ್ನು ಹೊಂದಿಸಿಕೊಟ್ಟರು.

ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಪಾಸ್‌ವರ್ಡ್ ಹಾಕುವಾಗ ಆ ಹುಡುಗಿ ಕೀಬೋರ್ಡನ್ನು ನನ್ನ ಕಡೆ ತಳ್ಳಿ ಮುಖ ಆಚೆ ತಿರುಗಿಸಿದಳು. ಒಟಿಪಿ ನಾನೇ ಟೈಪ್ ಮಾಡಿದೆ. ಆಧಾರ್ ಪ್ರತಿ ಕೇಳಿದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು ಅಂದಳು. ಪೋರ್ಟಲ್‌ನಲ್ಲಿ ಮೊಬೈಲ್, ಇಮೇಲ್ ನನ್ನದೇ ಹಾಕಿಸಿದಳು. ಎಷ್ಟೋ ಆಫೀಸುಗಳಲ್ಲಿ ಗಿರಾಕಿಯ ಹೆಸರಿಗೆ ತಮ್ಮ ಇಮೇಲ್ ಹಾಕಿಕೊಂಡು ಬಿಡುತ್ತಾರೆ. ಇಲಾಖೆಯ ನೋಟಿಸು ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಯಾರ ಹತ್ತಿರವಾದರೂ ಹೋಗಿ, ಈ ಒಂದನ್ನು ಖಂಡಿತ ನೋಡಿಕೊಳ್ಳಿ.

ಪ್ಯಾನ್ ಸರಿಯಾದ ಮೇಲೆ ನಿಜವಾದ ಲೆಕ್ಕ ಶುರುವಾಯಿತು. ತೆರಿಗೆ ಲೆಕ್ಕದಲ್ಲಿ ನನ್ನ ಸ್ಟೇಟಸ್ ಏನು? 2025-26ರಲ್ಲಿ ನಾನು ಇಲ್ಲಿದ್ದದ್ದು 182 ದಿನ ದಾಟುತ್ತದೆ, ಹಾಗಾಗಿ ರೆಸಿಡೆಂಟ್. ಆದರೆ ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ನಾನ್-ರೆಸಿಡೆಂಟ್ ಆಗಿದ್ದರೆ ಆರ್‌ಎನ್‌ಒಆರ್ ಅನ್ನುತ್ತಾರೆ, ಅಂದರೆ ರೆಸಿಡೆಂಟ್ ಹೌದು, ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ ಏಳು ವರ್ಷದಲ್ಲಿ ಇಲ್ಲಿ ಕಳೆದಿದ್ದು 729 ದಿನ ಅಥವಾ ಕಡಿಮೆ ಇದ್ದರೂ ಹಾಗೇ. ಎರಡರಲ್ಲಿ ಒಂದು ಸಾಕು. ಇದರಿಂದ ಏನು ಉಪಯೋಗ ಅಂದರೆ, ನಾನು ಹೊರಡುವ ಮುನ್ನ ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿ ದುಡಿದ ಸಂಬಳಕ್ಕೆ, ಅಲ್ಲಿನ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಹೊರದೇಶದ ಆಸ್ತಿ ವಿವರ ತುಂಬುವ ಷೆಡ್ಯೂಲ್ ಎಫ್‌ಎ ಕೂಡ ಆರ್‌ಎನ್‌ಒಆರ್‌ಗೆ ಇಲ್ಲ. ಪೂರ್ತಿ ರೆಸಿಡೆಂಟ್ ಆದ ವರ್ಷದಿಂದ ಅದು ಕಡ್ಡಾಯ, ಬಿಟ್ಟರೆ ಬೀಳುವ ದಂಡ ಹತ್ತು ಲಕ್ಷದ ಲೆಕ್ಕದಲ್ಲಿರುತ್ತದೆ.

ಆ ಹುಡುಗಿ ನನ್ನ ಎರಡು ಹಳೇ ಪಾಸ್‌ಪೋರ್ಟುಗಳನ್ನೂ ತರಿಸಿಕೊಂಡು, ರಜೆಗೆ ಬಂದುಹೋದ ಪ್ರತಿ ಮೊಹರನ್ನೂ ದಿನದ ಲೆಕ್ಕದಲ್ಲಿ ಬರೆದಳು. ಅಕ್ಕನ ಮಗಳ ಮದುವೆಗೆ ಬಂದದ್ದು, ಅಪ್ಪನ ತಿಥಿಗೆ ಬಂದದ್ದು, ಎಲ್ಲ ಅಲ್ಲಿ ಮಸುಕಾದ ಶಾಯಿಯಲ್ಲಿತ್ತು. ಮೊದಲ ಎರಡು ವರ್ಷ ಆರ್‌ಎನ್‌ಒಆರ್ ಅನ್ನುವುದರಲ್ಲಿ ಅನುಮಾನವಿಲ್ಲ. ಮೂರನೇ ವರ್ಷ 729ರ ಲೆಕ್ಕದ ಮೇಲೆ ನಿಲ್ಲುತ್ತದೆ, ಆಗ ಮತ್ತೆ ಎಣಿಸೋಣ ಅಂದಳು. ಇಂಥ ಕೆಲಸವನ್ನು ಬೇರೆಯವರು ಅಂದಾಜಿನಲ್ಲಿ ಮುಗಿಸುತ್ತಾರೆ. ಹಳೇ ಪಾಸ್‌ಪೋರ್ಟು ಬಿಸಾಡಬೇಡಿ ಅಂತ ಅದಕ್ಕೇ ಹೇಳುವುದು. ಇನ್ನೊಂದು ಮಾತು, ಆರ್‌ಎನ್‌ಒಆರ್ ಇದ್ದವರು ಐಟಿಆರ್-1 ಅನ್ನುವ ಸರಳ ರಿಟರ್ನ್ಸ್ ಫಾರ್ಮು ಹಾಕುವ ಹಾಗಿಲ್ಲ. ನನ್ನಂಥ ಸಂಬಳದವರಿಗೆ ಐಟಿಆರ್-2.

ಬ್ಯಾಂಕಿನಲ್ಲಿ ಸ್ವಲ್ಪ ಜಗ್ಗಾಟವಾಯಿತು. ಖಾಯಂ ಆಗಿ ಇರಲು ಬಂದವರು ಎನ್‌ಆರ್‌ಐಗಳಿಗೆ ಅಂತಿರುವ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನಿಗೂ ಆದಾಯ ತೆರಿಗೆಗೂ ರೆಸಿಡೆಂಟ್ ಲೆಕ್ಕ ಬೇರೆ ಬೇರೆ. ಫೆಮಾದಲ್ಲಿ 182 ದಿನ ಆಗಲಿ ಅಂತ ಕಾಯುವ ಮಾತಿಲ್ಲ. ಎನ್‌ಆರ್‌ಇ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿಯೂ ನಿಲ್ಲುತ್ತದೆ. ಪೌಂಡಿನಲ್ಲೇ ಇಟ್ಟುಕೊಳ್ಳಬೇಕು ಅನ್ನುವವರಿಗೆ ಆರ್‌ಎಫ್‌ಸಿ ಖಾತೆ ಇದೆ, ಆರ್‌ಎನ್‌ಒಆರ್ ಇರುವ ತನಕ ಅದರ ಬಡ್ಡಿಗೆ ತೆರಿಗೆ ಇಲ್ಲ. ನಾನು ಉಳಿತಾಯದ ಒಂದು ಭಾಗವನ್ನು ಅಲ್ಲಿಟ್ಟೆ. ಬ್ಯಾಂಕಿನ ಸ್ವಯಂ ಘೋಷಣೆಯ ಫಾರ್ಮಿನಲ್ಲಿ ಇಂಗ್ಲೆಂಡಿನ ತೆರಿಗೆ ನಂಬರ್ ಕೇಳಿದ್ದರು. ಕೌಂಟರಿನವರು ಯುಟಿಆರ್ ನಂಬರೇ ಬೇಕು ಅಂತ ಹಟ ಹಿಡಿದರು. ಅದು ಅಲ್ಲಿ ಸ್ವತಃ ರಿಟರ್ನ್ಸ್ ಹಾಕುವವರಿಗೆ ಕೊಡುವ ಹತ್ತಂಕಿಯ ನಂಬರ್. ನನ್ನ ಸಂಬಳದಲ್ಲೇ ತೆರಿಗೆ ಹಿಡಿಯುತ್ತಿದ್ದರು, ನನಗೆ ಯುಟಿಆರ್ ಇರಲೇ ಇಲ್ಲ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೂಡ ನಡೆಯುತ್ತದೆ ಅಂತ ಆಡಿಟರ್ ಒಂದು ಸಾಲು ಬರೆದುಕೊಟ್ಟರು, ಕೆಲಸವಾಯಿತು. ಆ ನಂಬರ್ ಕೂಡ ಪ್ಯಾನ್ ಹಾಗೇ ಜೀವನಪೂರ್ತಿ ಇರುತ್ತದೆ. ಮುಂದೆ ಅಲ್ಲಿನ ಪೆನ್ಷನ್‌ಗೆ ಬೇಕು, ಜೋಪಾನ ಮಾಡಿ.

ಇಂಗ್ಲೆಂಡ್ ಬಿಡುವಾಗ ಅಲ್ಲಿನ ತೆರಿಗೆ ಇಲಾಖೆಗೆ ಹಾಕಬೇಕಾದ ಪಿ85 ಫಾರ್ಮಿನ ಬಗ್ಗೆ ಆಡಿಟರನ್ನು ಕೇಳಿದೆ. "ಅದು ನನಗೆ ಗೊತ್ತಿಲ್ಲ, ಗೊತ್ತಿರೋ ಹಾಗೆ ಹೇಳಲ್ಲ, ಅಲ್ಲಿನವರನ್ನೇ ಕೇಳಿ" ಅಂದರು. ಈ ಮಾತಿಗೆ ನಾನು ಇನ್ನೂ ಅರ್ಧ ಸ್ಟಾರ್ ಜಾಸ್ತಿ ಕೊಡುತ್ತೇನೆ. ಅಲ್ಲಿನ ಒಬ್ಬ ಸಹೋದ್ಯೋಗಿಯನ್ನು ಕೇಳಿ ನಾನೇ ಆನ್‌ಲೈನ್‌ನಲ್ಲಿ ಹಾಕಿದೆ. ಅಲ್ಲಿ ವರ್ಷಕ್ಕೆ 12,570 ಪೌಂಡ್ ತನಕ ತೆರಿಗೆ ಇಲ್ಲ. ವರ್ಷ ಶುರುವಾಗಿ ಮೂರು ತಿಂಗಳಿಗೇ ಕೆಲಸ ಬಿಟ್ಟದ್ದರಿಂದ ಹಿಡಿದ ತೆರಿಗೆ ವಾಪಸ್ ಬಂತು.

ಅಮ್ಮನ ಕಥೆಯನ್ನೂ ಹೇಳಬೇಕು. ಅವರಿಗೆ 82. ಅಪ್ಪನ ಪೆನ್ಷನ್ ಬರುತ್ತದೆ. ನನ್ನ ಓಡಾಟ ನೋಡಿ, ತಮ್ಮ ಪ್ಯಾನ್‌ಗೂ ಏನೋ ಆಗಿದೆ ಅಂತ ರಾತ್ರಿ ನಿದ್ದೆಗೆಟ್ಟಿದ್ದರು. ಒಂದು ದಿನ ಜೊತೆಗೆ ಕರೆದುಕೊಂಡು ಹೋದೆ. ಮೆಟ್ಟಿಲು ಕಡಿದು, ಹತ್ತಲು ಆಗಲಿಲ್ಲ. ಆಡಿಟರೇ ಕೆಳಗಿಳಿದು ಬಂದು ಸ್ಟೇಷನರಿ ಅಂಗಡಿಯಲ್ಲಿ ಸ್ಟೂಲ್ ಹಾಕಿಸಿ ಕೂರಿಸಿದರು. "ಎಂಬತ್ತು ದಾಟಿದವರಿಗೆ ಜೋಡಿಸೋ ಕಡ್ಡಾಯ ಇಲ್ಲ ಅಮ್ಮ, ನೀವು ಆರಾಮಾಗಿರಿ" ಅಂದರು. ಅದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಅಮ್ಮ ಅವರ ಊರು, ಮನೆತನ ಎಲ್ಲ ವಿಚಾರಿಸಿಕೊಂಡೇ ಎದ್ದರು.

ಇನ್ನು ಕೊರತೆಗಳು. ಫೋನ್ ಎತ್ತುವುದು ಅಪರೂಪ, ಮೆಸೇಜಿಗೆ ಉತ್ತರ ಸಂಜೆ ಆರರ ಮೇಲೆ. ಲಿಫ್ಟ್ ಇಲ್ಲ. ವಯಸ್ಸಾದವರು ಮೊದಲೇ ಹೇಳಿ ಹೋಗಿ. ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿಳಿದು ನಡೆದರೆ ಸುಲಭ. ಎಲ್ಲವನ್ನೂ ಬಾಯಲ್ಲೇ ಹೇಳುತ್ತಾರೆ. ಆ ಮೊದಲ ಹಾಳೆಯನ್ನೂ ನಾನು ಕೇಳಿದ ಮೇಲೆ ಬರೆದುಕೊಟ್ಟದ್ದು. ನೀವೂ ಕೇಳಿ ಬರೆಸಿಕೊಳ್ಳಿ.

ಫೀಸು ₹5,000, ಸರ್ಕಾರದ ಶುಲ್ಕ ಬೇರೆ. ರಸೀದಿ ಕೊಟ್ಟರು. ಇದೇ ಕೆಲಸಕ್ಕೆ ಎಂ.ಜಿ. ರಸ್ತೆ ಕಡೆಯ ಒಂದು ದೊಡ್ಡ ಸಂಸ್ಥೆ ₹25,000 ಹೇಳಿತ್ತು. ಅಲ್ಲಿ ಯಾರೂ ನನ್ನ ಮಾರ್ಕ್ಸ್ ಕಾರ್ಡು ಕೇಳಿರಲಿಲ್ಲ.

ನನ್ನ 2025-26ರ ರಿಟರ್ನ್ಸ್ ಇವರೇ ಹಾಕುತ್ತಾರೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಅಸೆಸ್‌ಮೆಂಟ್ ವರ್ಷ ಅನ್ನೋದು ಹೋಗಿ ತೆರಿಗೆ ವರ್ಷ. ಆದರೆ 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಹಳೇ 1961ರ ಕಾಯ್ದೆಯೇ ಅನ್ವಯ. ನೀವು ಈ ಆಫೀಸಿಗೋ ಇಂಥ ಇನ್ನೊಂದಕ್ಕೋ ಹೋಗುವುದಿದ್ದರೆ ಏಪ್ರಿಲ್, ಮೇ ತಿಂಗಳಲ್ಲೇ ಹೋಗಿ. ಜುಲೈ 31ರ ಗಡುವು ಹತ್ತಿರ ಬಂದಾಗ ಆ ನಾಲ್ಕು ಕುರ್ಚಿಯೂ ಖಾಲಿ ಇರುವುದಿಲ್ಲ, ಮೊಹರು ಎಣಿಸುವಷ್ಟು ಪುರುಸೊತ್ತು ಅವರಿಗೂ ಇರುವುದಿಲ್ಲ. ಪಾಸ್‌ಪೋರ್ಟುಗಳು ಹಳೇದೂ ಸೇರಿ, ಪ್ಯಾನ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಹೊರದೇಶದ ಕೊನೆಯ ಪೇಸ್ಲಿಪ್ಪು, ಇಲ್ಲಿನ ಸಿಮ್ ಇರುವ ಫೋನು, ಇವಿಷ್ಟು ಕೈಯಲ್ಲಿರಲಿ.